ಫ್ಯೂಸ್ ಎರಡು ಸಲ ಸುಟ್ಟಿತು: ಎಲೆಕ್ಟ್ರಾನಿಕ್ಸ್ ರಿಪೇರಿ ಎಲ್ಲಿ, ಹೇಗೆ ಕಲಿಯಲಿ?

ಪ್ರಶ್ನೆ: ನನಗೆ 26 ವರ್ಷ. ಊರು ತುರುವೇಕೆರೆ ಕಡೆ, ಈಗ ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆಗಿದ್ದೇನೆ. ಎಸ್ಸೆಸ್ಸೆಲ್ಸಿ ಪಾಸು, ಪಿಯುಸಿ ಕಾಮರ್ಸ್ ಅರ್ಧಕ್ಕೆ ಬಿಟ್ಟೆ. ಪೀಣ್ಯದಲ್ಲಿ ಪ್ಯಾಕಿಂಗ್ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ರಿಪೇರಿ ಕೆಲಸ ಕಲಿಯಬೇಕು ಅಂತ ಬಹಳ ಆಸೆ. ಹತ್ತಿರದ ಕಾಲೇಜೊಂದರಲ್ಲಿ ಕಮ್ಯುನಿಟಿ ಕಾಲೇಜ್ ವಿಭಾಗದಡಿ ಎಲೆಕ್ಟ್ರಾನಿಕ್ ಉಪಕರಣಗಳ ನಿರ್ವಹಣೆ ಮತ್ತು ರಿಪೇರಿಯ ಒಂದು ವರ್ಷದ ಡಿಪ್ಲೊಮಾ ಇದೆ. ಮೆಜೆಸ್ಟಿಕ್ ಕಡೆಯ ಖಾಸಗಿ ಇನ್‌ಸ್ಟಿಟ್ಯೂಟಿನವರು ದಿನಕ್ಕೆ ಎರಡು ಗಂಟೆ, ಮೂರು ತಿಂಗಳಲ್ಲಿ 'ಚಿಪ್ ಲೆವೆಲ್' ಕಲಿಸುತ್ತೇವೆ, 40,000 ರೂಪಾಯಿ ಅನ್ನುತ್ತಾರೆ. ಭಾವ ಐಟಿಐ ಮಾಡು ಅನ್ನುತ್ತಾರೆ. ಸ್ನೇಹಿತರು 'ಈಗ ಯಾರು ರಿಪೇರಿ ಮಾಡಿಸ್ತಾರೆ, ಬೋರ್ಡ್ ಬದಲಾಯಿಸ್ತಾರೆ ಅಷ್ಟೆ' ಅನ್ನುತ್ತಾರೆ. ನನಗೆ ಲೆಕ್ಕ, ಇಂಗ್ಲಿಷ್ ಎರಡೂ ಕಷ್ಟ. ಕೆಂಪು-ಹಸಿರು ಬಣ್ಣ ಗುರುತಿಸುವಾಗ ಕೆಲವೊಮ್ಮೆ ತಪ್ಪುತ್ತೇನೆ. ಹೋದ ತಿಂಗಳು ಮಳೆ ಬಂದ ರಾತ್ರಿ ಮನೆಯ 32 ಇಂಚಿನ ಎಲ್‌ಇಡಿ ಟಿವಿ ನಿಂತುಹೋಯಿತು. ಬಿಚ್ಚಿ ನೋಡಿದರೆ ಫ್ಯೂಸ್ ಹೋಗಿತ್ತು. ಹೊಸದು ಹಾಕಿದೆ, 'ಪಟ್' ಅಂತ ಸುಟ್ಟಿತು. ಎರಡನೆಯದೂ ಹಾಗೇ. ನನ್ನ ಕೈಲಿ ಇದು ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿದ್ದರೂ ಒಳಗಿನ ಆತಂಕ ಒಂದೇ. ಈ ವಯಸ್ಸಿನಲ್ಲಿ ದುಡ್ಡು, ನಿದ್ದೆ, ಒಂದು ವರ್ಷ ಎಲ್ಲವನ್ನೂ ಹಾಕಿದ ಮೇಲೆ ಕೈಗೆ ಕೆಲಸ ಹತ್ತುತ್ತದೆಯೇ ಎಂಬುದು. ಹತ್ತುತ್ತದೆ. ಆದರೆ ಅದು ಸರ್ಟಿಫಿಕೇಟಿನ ಹೆಸರಿನಿಂದಲ್ಲ. ಕೆಟ್ಟ ಬೋರ್ಡಿನ ಮುಂದೆ ಮೀಟರ್ ಹಿಡಿದು ನೀವು ಸ್ವತಃ ಎಷ್ಟು ಗಂಟೆ ಕೂರುತ್ತೀರಿ ಎಂಬುದರಿಂದ. ಯಾವ ಕೋರ್ಸನ್ನಾದರೂ ಆ ಗಂಟೆಗಳ ಲೆಕ್ಕದಲ್ಲೇ ಅಳೆಯಿರಿ.

ನಿಮ್ಮ ಟಿವಿಯಿಂದಲೇ ಶುರು ಮಾಡೋಣ. ಒಳ್ಳೆಯ ಕೋರ್ಸು ಏನನ್ನು ಕಲಿಸಬೇಕು ಎಂಬುದು ಅದರಲ್ಲೇ ಇದೆ.

ಫ್ಯೂಸ್ ಯಾಕೆ ಸುಟ್ಟಿತು

ಫ್ಯೂಸ್ ಹೋದದ್ದು ಕಾಯಿಲೆಯಲ್ಲ, ಕಾಯಿಲೆಯ ಲಕ್ಷಣ. ಸುಟ್ಟ ಫ್ಯೂಸನ್ನು ಬೆಳಕಿಗೆ ಹಿಡಿದು ನೋಡಿ. ಗಾಜು ತಿಳಿಯಾಗಿದ್ದು ಒಳಗಿನ ತಂತಿ ಮಾತ್ರ ಮಧ್ಯದಲ್ಲಿ ತುಂಡಾಗಿದ್ದರೆ ಹಳತಾಗಿ ಅಥವಾ ಸ್ವಲ್ಪ ಹೆಚ್ಚಿನ ಹೊರೆಯಿಂದ ಹೋಗಿದೆ. ಗಾಜಿನ ಒಳಗೋಡೆಗೆ ಕಪ್ಪು ಅಥವಾ ಕನ್ನಡಿಯಂಥ ಹೊಳಪು ಮೆತ್ತಿಕೊಂಡಿದ್ದರೆ ತಂತಿ ಆವಿಯಾಗಿದೆ, ಅಂದರೆ ಮುಂದೆ ಎಲ್ಲೋ ನೇರ ಶಾರ್ಟ್ ಇದೆ. 'ಪಟ್' ಎಂದಿತು ಅಂತ ಬರೆದಿದ್ದೀರಿ, ನಿಮ್ಮದು ಬಹುಶಃ ಎರಡನೆಯದು. ಹಾಗಿದ್ದಾಗ ಮೂರನೇ ಫ್ಯೂಸ್ ಹಾಕಿದರೂ ಹೋಗುತ್ತದೆ, ಹತ್ತನೆಯದೂ ಹೋಗುತ್ತದೆ. ಇನ್ನೊಂದು ವಿಷಯ, ಟಿವಿ ಬೋರ್ಡಿನಲ್ಲಿ ಫ್ಯೂಸಿನ ಪಕ್ಕ 'ಟಿ3.15ಎ 250ವಿ' ಎಂಬಂತೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಮೊದಲಿನ 'ಟಿ' ಅಂದರೆ ನಿಧಾನಕ್ಕೆ ಸುಡುವ ಜಾತಿ. ಸ್ವಿಚ್ ಹಾಕಿದ ಕ್ಷಣ ಖಾಲಿ ಇರುವ ದೊಡ್ಡ ಕೆಪಾಸಿಟರ್ ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಬೇಗ ಸುಡುವ ಜಾತಿಯ ಫ್ಯೂಸ್ ಹಾಕಿದರೆ ಬೋರ್ಡ್ ಚೆನ್ನಾಗಿದ್ದರೂ ಅದು ಹೋಗಬಹುದು. ಅಂಗಡಿಯಲ್ಲಿ ಬರೀ 'ಮೂರು ಆಂಪಿನದು ಕೊಡಿ' ಅಂದರೆ ಸಾಲದು.

ಮಳೆ ರಾತ್ರಿ ನಿಂತಿತು ಎಂಬ ಮಾತು ಮುಖ್ಯವಾದದ್ದು. ಕಂಬದಲ್ಲೋ ಕಟ್ಟಡದ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಸಡಿಲವಾದರೆ 230 ವೋಲ್ಟ್ ಬರಬೇಕಾದ ಮನೆಗೆ ಎರಡು ಫೇಸುಗಳ ನಡುವಿನ ವೋಲ್ಟೇಜಿನ ಪಾಲು ಬರುತ್ತದೆ. ಅದು 400ರ ಹತ್ತಿರಕ್ಕೂ ಹೋಗಬಹುದು. ಫ್ಯೂಸಿನ ನಂತರ ನೀಲಿ ಅಥವಾ ಹಳದಿ ಬಣ್ಣದ, ಬಟನ್ನಿನಂಥ ಒಂದು ಬಿಲ್ಲೆ ಇರುತ್ತದೆ, ಅದು ವ್ಯಾರಿಸ್ಟರ್. ಮೇಲೆ '10ಡಿ471' ಎಂಬ ಥರದ ಸಂಖ್ಯೆ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಅದು ತಾನೇ ಶಾರ್ಟ್ ಆಗಿ ಫ್ಯೂಸನ್ನು ಸುಡಿಸಿ ಮುಂದಿನ ಭಾಗವನ್ನು ಉಳಿಸುತ್ತದೆ. ಅದು ಸೀಳಿದ್ದರೆ, ಕಪ್ಪಾಗಿದ್ದರೆ ನಿಮ್ಮ ಟಿವಿಯ ಖರ್ಚು ಕೆಲವೇ ರೂಪಾಯಿಯ ಬಿಡಿಭಾಗದಲ್ಲಿ ಮುಗಿಯುವ ಸಾಧ್ಯತೆ ಇದೆ. ಅದನ್ನು ಕಿತ್ತು ಬಿಸಾಡಿ, ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ 'ನಡೀತಿದೆ' ಎಂದು ಕೊಡುವವರಿದ್ದಾರೆ. ಮುಂದಿನ ಸಲ ನ್ಯೂಟ್ರಲ್ ಹೋದಾಗ ಆ ಬೋರ್ಡ್ ಹೊತ್ತಿಕೊಳ್ಳಬಹುದು. ನೀವು ಈ ಕೆಲಸಕ್ಕೆ ಬರುವುದೇ ಆದರೆ ಮೊದಲ ದಿನದಿಂದಲೇ ಈ ಅಭ್ಯಾಸಕ್ಕೆ ಬೀಳಬೇಡಿ.

ಈಗ ಅಳೆಯುವ ಕ್ರಮ. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಉಳಿದಿರಬಹುದು, 230ನ್ನು 1.414ರಿಂದ ಗುಣಿಸಿದರೆ ಬರುವ ಸಂಖ್ಯೆ ಅದು. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಕಿಡಿ ಹಾರಿ ಟ್ರ್ಯಾಕ್ ಕಿತ್ತುಹೋಗುತ್ತದೆ, ಕೈ ಅದುರಿ ಇನ್ನೆಲ್ಲೋ ತಾಗುತ್ತದೆ. 2.2 ಕಿಲೊಓಮ್, 5 ವ್ಯಾಟಿನ ರೆಸಿಸ್ಟರಿಗೆ ಎರಡು ಇನ್ಸುಲೇಟೆಡ್ ತಂತಿ ಬೆಸೆದುಕೊಂಡು ಕೆಪಾಸಿಟರಿನ ಎರಡು ಕಾಲಿಗೆ ಐದು ಸೆಕೆಂಡ್ ಹಿಡಿಯಿರಿ. 100 ಮೈಕ್ರೊಫ್ಯಾರಡ್ ಇದ್ದರೆ ಒಂದೂಕಾಲು ಸೆಕೆಂಡಿನೊಳಗೆ ಬಹುತೇಕ ಖಾಲಿಯಾಗುತ್ತದೆ. ಆಮೇಲೆ ಮೀಟರಿನಲ್ಲಿ ನೋಡಿ, 5 ವೋಲ್ಟಿಗಿಂತ ಕೆಳಗೆ ಇಳಿದ ಮೇಲೆಯೇ ಕೈ ಹಾಕಿ.

ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ವ್ಯಾರಿಸ್ಟರ್ ಮುಟ್ಟಿ. ಬೀಪ್ ಬಂದರೆ ಅದರ ಒಂದು ಕಾಲು ಬಿಡಿಸಿ ಮತ್ತೆ ನೋಡಿ, ಏಕೆಂದರೆ ಬೋರ್ಡಿನಲ್ಲಿದ್ದಾಗ ಪಕ್ಕದ ಶಾರ್ಟ್ ಇದರದ್ದೆಂದು ಕಾಣುತ್ತದೆ. ಮುಂದೆ ಬ್ರಿಡ್ಜಿನ, ಅಂದರೆ ಎಸಿಯನ್ನು ಡಿಸಿ ಮಾಡುವ, ನಾಲ್ಕು ಡಯೋಡ್: ಒಂದು ದಿಕ್ಕಿಗೆ 0.45ರಿಂದ 0.6 ವೋಲ್ಟ್, ತಿರುಗಿಸಿದರೆ ಏನೂ ತೋರಿಸಬಾರದು. ಎರಡೂ ದಿಕ್ಕಿಗೆ ಸೊನ್ನೆ ತೋರಿಸಿದ್ದು ಹೋಗಿದೆ. ಮುಂದೆ ಹೀಟ್‌ಸಿಂಕಿಗೆ ಕೂತ ಮಾಸ್‌ಫೆಟ್. ಇದು ವೇಗದ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್, ಕಾಲುಗಳ ಹೆಸರು ಗೇಟ್, ಡ್ರೈನ್, ಸೋರ್ಸ್. ಡ್ರೈನ್-ಸೋರ್ಸ್ ನಡುವೆ ಎರಡೂ ದಿಕ್ಕಿಗೆ ಬೀಪ್ ಬಂದರೆ ಬಿಚ್ಚಿ, ಹೊರಗೆ ಮತ್ತೆ ಅಳೆಯಿರಿ.

ಇಲ್ಲಿಯೇ ಹೊಸಬರು ಎಡವುವುದು. ಮಾಸ್‌ಫೆಟ್ ಶಾರ್ಟ್ ಎಂದು ಗೊತ್ತಾದ ಕೂಡಲೇ ಅದೊಂದನ್ನೇ ಹೊಸದು ಹಾಕಿ ಸ್ವಿಚ್ ಒತ್ತುತ್ತಾರೆ, ಅರೆಕ್ಷಣದಲ್ಲಿ ಹೊಸದೂ ಹೋಗುತ್ತದೆ. ಮಾಸ್‌ಫೆಟ್ ಒಂಟಿಯಾಗಿ ಸಾಯುವುದು ಅಪರೂಪ. ಅದರ ಸೋರ್ಸಿನಲ್ಲಿ ಒಂದು ಓಮಿಗಿಂತ ಕಡಿಮೆಯ ರೆಸಿಸ್ಟರ್ ಇರುತ್ತದೆ, ಕರೆಂಟ್ ಎಷ್ಟು ಹರಿಯುತ್ತಿದೆ ಎಂದು ಮಾಸ್‌ಫೆಟ್ ನಡೆಸುವ ಐಸಿಗೆ (ಚಿಪ್ಪಿಗೆ) ಹೇಳುವುದು ಅದೇ. ಅದು ಒಳಗೆ ಕಡಿದುಹೋಗಿರುತ್ತದೆ. ಗೇಟಿನ ರೆಸಿಸ್ಟರ್ ಸುಟ್ಟಿರುತ್ತದೆ. ಗೇಟಿನ ಮೂಲಕ 300 ವೋಲ್ಟ್ ಹಿಂದಕ್ಕೆ ನುಗ್ಗಿ ಕಂಟ್ರೋಲ್ ಐಸಿಯನ್ನೂ ಕೊಂದಿರುತ್ತದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ ಡಯೋಡ್ ಶಾರ್ಟ್ ಇದೆಯೇ ಎಂದೂ ನೋಡಬೇಕು. ಇಷ್ಟನ್ನೂ ಅಳೆದು, ಹೋದದ್ದನ್ನೆಲ್ಲ ಒಟ್ಟಿಗೆ ಬದಲಿಸಿದ ಮೇಲೆ, ಅದೂ ನೇರ ಪ್ಲಗ್ಗಿಗಲ್ಲ, ಸೀರೀಸ್ ಬಲ್ಬಿನ ಮೂಲಕ ಕರೆಂಟ್ ಕೊಡಬೇಕು.

ಸೀರೀಸ್ ಬಲ್ಬ್ ಎಂದರೆ ಫೇಸಿನ ತಂತಿಯ ಮಧ್ಯೆ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬು. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು, ಶಾರ್ಟ್ ಇಲ್ಲ. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಆದರೆ ಕರೆಂಟನ್ನು ಬಲ್ಬು ತಡೆದಿರುವುದರಿಂದ ನಿಮ್ಮ ಹೊಸ ಬಿಡಿಭಾಗ ಉಳಿಯುವ ಸಂಭವ ಬಹಳ ಹೆಚ್ಚು. ನಿಮ್ಮ ಎರಡು ಫ್ಯೂಸುಗಳೂ ಉಳಿಯುತ್ತಿದ್ದವು. ಆದರೆ ನೆನಪಿರಲಿ, ಬಲ್ಬು ಬೋರ್ಡನ್ನು ಕಾಯುತ್ತದೆ, ನಿಮ್ಮನ್ನಲ್ಲ. ಮುಟ್ಟಿದರೆ ಹೊಡೆಯುವುದು ಹೊಡೆಯುತ್ತದೆ.

ಇದನ್ನು ಓದಿಕೊಂಡು ಇವತ್ತೇ ಒಬ್ಬರೇ ಕೂತು ಮಾಡಿ ಎಂದು ಹೇಳುತ್ತಿಲ್ಲ. ಕರೆಂಟ್ ಇಲ್ಲದೆ ಮಾಡುವ ಅಳತೆಗಳನ್ನು ಮಾಡಿ ಬರೆದಿಟ್ಟುಕೊಳ್ಳಿ. ಸ್ವಿಚ್ ಹಾಕುವ ಹಂತವನ್ನು ಗೊತ್ತಿರುವವರು ಪಕ್ಕದಲ್ಲಿದ್ದಾಗ ಮಾಡಿ.

ಸ್ನೇಹಿತರ ಮಾತಿನಲ್ಲಿ ಅರ್ಧ ನಿಜ

'ಯಾರೂ ರಿಪೇರಿ ಮಾಡಿಸಲ್ಲ' ಎನ್ನುವುದು ಕೆಲವು ವಸ್ತುಗಳ ಮಟ್ಟಿಗೆ ಸರಿ. ಅಗ್ಗದ ಇಯರ್‌ಫೋನ್, ಸಣ್ಣ ಚಾರ್ಜರ್ ಇವಕ್ಕೆ ಕೂಲಿ ಗಿಟ್ಟುವುದಿಲ್ಲ. ಟಿವಿಯ ಪ್ಯಾನೆಲ್ ಒಡೆದರೂ ಅಷ್ಟೇ, ಪ್ಯಾನೆಲ್ಲಿನ ಬೆಲೆಯೇ ಹೊಸ ಟಿವಿಯ ಹತ್ತಿರ ಹೋಗುತ್ತದೆ. ಆದರೆ ಇನ್‌ವರ್ಟರ್ ಎಸಿಯ ಹೊರಗಿನ ಘಟಕದ ಬೋರ್ಡ್, ವಾಷಿಂಗ್ ಮೆಷಿನ್ ಬೋರ್ಡ್, ಇಂಡಕ್ಷನ್ ಒಲೆ, ಯುಪಿಎಸ್, ಲಿಫ್ಟಿನ ಕಂಟ್ರೋಲ್ ಬೋರ್ಡ್, ಎಲೆಕ್ಟ್ರಿಕ್ ಸ್ಕೂಟರಿನ ಚಾರ್ಜರ್ ಇವುಗಳ ಲೆಕ್ಕ ಬೇರೆ. ಹೊಸ ಬೋರ್ಡ್ ದುಬಾರಿ, ಎಷ್ಟೋ ಸಲ ಸಿಗುವುದೇ ಇಲ್ಲ. ನೀವು ಕೆಲಸ ಮಾಡುವ ಪೀಣ್ಯದಲ್ಲೇ ಸುತ್ತ ನೋಡಿ: ಮೋಟರಿನ ವೇಗ ನಿಯಂತ್ರಿಸುವ ಡ್ರೈವ್, ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದ ಪವರ್ ಸಪ್ಲೈ, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ ಕಾರ್ಡ್. ಒಂದು ಡ್ರೈವ್ ನಿಂತರೆ ಇಡೀ ಯಂತ್ರ ನಿಲ್ಲುತ್ತದೆ. ಅಲ್ಲಿ ಮಾಲೀಕರು ಕೇಳುವುದು 'ಎಷ್ಟಾಗುತ್ತೆ' ಎನ್ನುವುದಕ್ಕಿಂತ ಮೊದಲು 'ಎಷ್ಟೊತ್ತಿಗೆ ಆಗುತ್ತೆ' ಎಂದು. ಆದರೆ ಅಲ್ಲಿಗೆ ಅವಸರಪಟ್ಟು ಹೋಗಬೇಡಿ. 415 ವೋಲ್ಟಿನ ಡ್ರೈವಿನೊಳಗೆ ಡಿಸಿ 590ರ ಸುತ್ತಮುತ್ತ ಇರುತ್ತದೆ. ಪ್ಲಗ್ ತೆಗೆದ ಮೇಲೂ ಹಲವು ನಿಮಿಷ ಕಾಯಬೇಕು, ಎಷ್ಟು ನಿಮಿಷವೆಂದು ಡ್ರೈವಿನ ಮೇಲೆಯೇ ಬರೆದಿರುತ್ತದೆ. ಆ ಸಮಯ ಕಳೆದ ಮೇಲೂ ಮೀಟರಿನಲ್ಲಿ ನೋಡಿಯೇ ಕೈ ಹಾಕಬೇಕು.

'ಬೋರ್ಡ್ ಬದಲಾಯಿಸ್ತಾರೆ ಅಷ್ಟೆ' ಎನ್ನುವುದಕ್ಕೂ ಉತ್ತರವಿದೆ. ಯಾವ ಬೋರ್ಡ್ ಹೋಗಿದೆ ಎಂದು ಹೇಳಲು ಅಳೆಯಲೇಬೇಕು. ಟಿವಿಯಲ್ಲಿ ಸದ್ದಿದೆ, ಚಿತ್ರವಿಲ್ಲ. ಅರಿಯದವರು ಮೇನ್ ಬೋರ್ಡ್ ತರಿಸುತ್ತಾರೆ. ಅರಿತವರು ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡುತ್ತಾರೆ. ಮಸುಕಾಗಿ ಚಿತ್ರ ಕಂಡರೆ ಬೋರ್ಡ್ ಸರಿಯಿದೆ, ಹಿಂಬದಿಯ ಎಲ್‌ಇಡಿ ಪಟ್ಟಿಯೋ ಅದಕ್ಕೆ ಕರೆಂಟ್ ಕೊಡುವ ಭಾಗವೋ ಹೋಗಿದೆ. ಪಟ್ಟಿಯಲ್ಲಿ ಎಲ್‌ಇಡಿಗಳು ಸಾಲಾಗಿ ಜೋಡಿಸಿರುವುದರಿಂದ ಒಂದು ಸತ್ತರೆ ಸಾಲು ಪೂರ್ತಿ ಆರುತ್ತದೆ.

ಬೋರ್ಡುಗಳು ಕೆಡುವ ಕಾರಣಗಳಲ್ಲಿ ಬಹುಪಾಲು ಮತ್ತೆ ಮತ್ತೆ ಅವೇ: ಶಾಖ, ಧೂಳು-ತೇವ, ವೋಲ್ಟೇಜ್ ಏರಿಳಿತ, ಬಿರುಕು ಬಿಟ್ಟ ಬೆಸುಗೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿ ಶಾಖ ಏರಿದಂತೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ 85 ಡಿಗ್ರಿಯದನ್ನು ತೆಗೆದು 105ರದನ್ನು ಹಾಕುವುದು. ಕೆಪಾಸಿಟರ್ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ. ಉಬ್ಬದೆಯೂ ಒಳಗೆ ಒಣಗಿರುತ್ತದೆ. ಸಾಮರ್ಥ್ಯ ಅಳೆದರೆ ಸರಿ ತೋರಿಸಿ, ಒಳರೋಧ ಮಾತ್ರ ಹತ್ತು ಪಟ್ಟು ಏರಿರಬಹುದು. ಈ ಒಳರೋಧ ಅಳೆಯಲು ಇಎಸ್‌ಆರ್ ಮೀಟರ್ ಬೇಕು. ಸ್ಟ್ಯಾಂಡ್‌ಬೈ ದೀಪ ಮಿನುಗುತ್ತಾ ಟಿವಿ ಆನ್ ಆಗದಿರುವುದರ ಹಿಂದೆ ಎಷ್ಟೋ ಸಲ ಇಂಥದೊಂದು ಕೆಪಾಸಿಟರ್ ಇರುತ್ತದೆ.

ಲೆಕ್ಕ, ಇಂಗ್ಲಿಷ್

ಬೆಂಚಿನ ಮೇಲೆ ಬೇಕಾದ ಲೆಕ್ಕ ಏಳನೇ ತರಗತಿಯದು: ಗುಣಾಕಾರ, ಭಾಗಾಕಾರ, ದಶಮಾಂಶ, ಮತ್ತೆ ಮಿಲಿ-ಮೈಕ್ರೊ-ಕಿಲೊಗಳ ಬದಲಾವಣೆ. ಉದಾಹರಣೆಗೆ, 12 ವೋಲ್ಟಿಗೆ ಒಂದು ಬಿಳಿ ಎಲ್‌ಇಡಿ ಹಾಕಬೇಕು. ಎಲ್‌ಇಡಿ 3 ವೋಲ್ಟ್ ತಿನ್ನುತ್ತದೆ, ಉಳಿದದ್ದು 9. ಹರಿಯಬೇಕಾದದ್ದು 20 ಮಿಲಿಆಂಪ್. 9ನ್ನು 0.02ರಿಂದ ಭಾಗಿಸಿದರೆ 450 ಓಮ್, ಅಂಗಡಿಯಲ್ಲಿ ಸಿಗುವುದು 470. ಅದರಲ್ಲಿ ಶಾಖವಾಗಿ ಹೋಗುವುದೆಷ್ಟು? 9ನ್ನು 0.02ರಿಂದ ಗುಣಿಸಿದರೆ 0.18 ವ್ಯಾಟ್. ಕಾಲು ವ್ಯಾಟಿನದು ತಡೆಯುತ್ತದೆ, ಆದರೆ ಬಿಸಿಯಾಗುತ್ತದೆ, ಅರ್ಧ ವ್ಯಾಟಿನದು ಹಾಕಿ. ಇಷ್ಟು ಮಾಡಬಲ್ಲಿರಾದರೆ ಮೊದಲ ವರ್ಷ ನಿಭಾಯಿಸುತ್ತೀರಿ. ತರಗತಿಯ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಕೇಳುತ್ತಾರೆ ನಿಜ, ಅದನ್ನು ಪಾಸಾಗುವಷ್ಟು ಕಲಿತರಾಯಿತು.

ಇಂಗ್ಲಿಷ್ ವಿಷಯದಲ್ಲೂ ಅಷ್ಟೆ. ಬಿಡಿಭಾಗಗಳ ಮಾಹಿತಿ ಹಾಳೆಯಲ್ಲಿ ಮರುಕಳಿಸುವ ಪದಗಳು ನಲವತ್ತೈವತ್ತು ಇರಬಹುದು. ಮ್ಯಾಕ್ಸಿಮಮ್, ಟಿಪಿಕಲ್, ಡ್ರೈನ್, ಗೇಟ್, ಇನ್‌ಪುಟ್, ಫೀಡ್‌ಬ್ಯಾಕ್ ಇಂಥವು. ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದುಕೊಂಡು ಹೋಗಿ. ಎರಡು ತಿಂಗಳಲ್ಲಿ ಓದಲು ಬರುತ್ತದೆ.

ಬಣ್ಣದ ವಿಷಯ ಲಘುವಾಗಿ ಬಿಡಬೇಡಿ

ನೀವು ಒಂದೇ ಸಾಲಿನಲ್ಲಿ ಬರೆದ ಈ ಮಾತಿಗೆ ಹೆಚ್ಚು ಗಮನ ಕೊಡಬೇಕು. ಕಲಿಯಲು ಇದು ಅಡ್ಡಿಯಲ್ಲ. ರೆಸಿಸ್ಟರಿನ ಬೆಲೆಯನ್ನು ಬಣ್ಣದ ಪಟ್ಟೆಗಳಿಂದ ಓದುತ್ತಾರೆ, ಮೊದಲ ಪಟ್ಟೆಯ ಕಂದನ್ನು ಕೆಂಪು ಎಂದು ಓದಿದರೆ 1 ಕಿಲೊಓಮ್ ಇದ್ದದ್ದು 2 ಕಿಲೊಓಮ್ ಆಗುತ್ತದೆ. ಪರಿಹಾರ ಸುಲಭ, ಬಣ್ಣ ನಂಬದೆ ಮೀಟರಿನಲ್ಲಿ ಅಳೆಯಿರಿ. ಬಿಸಿ ತಿಂದ ರೆಸಿಸ್ಟರಿನಲ್ಲಿ ಎಲ್ಲ ಪಟ್ಟೆಗಳೂ ಕಂದಾಗಿಯೇ ಕಾಣುವುದರಿಂದ ಕಣ್ಣು ಚೆನ್ನಾಗಿರುವವರೂ ಇದನ್ನೇ ಮಾಡಬೇಕಾಗುತ್ತದೆ. ಈಗಿನ ಬೋರ್ಡುಗಳಲ್ಲಿರುವ ಚಿಕ್ಕ ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ) ರೆಸಿಸ್ಟರುಗಳ ಮೇಲಂತೂ ಬಣ್ಣವೇ ಇಲ್ಲ, ಅಂಕಿ ಇರುತ್ತದೆ. 103 ಅಂದರೆ 10ರ ಮುಂದೆ ಮೂರು ಸೊನ್ನೆ, 10 ಕಿಲೊಓಮ್. 472 ಅಂದರೆ 4.7 ಕಿಲೊಓಮ್. ಕೆಂಪು-ಹಸಿರು ಎರಡೂ ಆಗುವ ಸೂಚಕ ದೀಪಗಳಿಗೆ ಬಣ್ಣ ಹೇಳುವ ಮೊಬೈಲ್ ಆ್ಯಪ್‌ಗಳಿವೆ.

ಅಪಾಯ ಇರುವುದು ಬೇರೆ ಕಡೆ. ಹಳೇ ಮನೆಗಳ ವೈರಿಂಗಿನಲ್ಲಿ ಫೇಸಿಗೆ ಕೆಂಪು, ಅರ್ತಿಂಗಿಗೆ ಹಸಿರು. ನಿಮ್ಮ ಕಣ್ಣು ಎಡವುವುದು ಸರಿಯಾಗಿ ಈ ಎರಡರ ನಡುವೆಯೇ. ಆದ್ದರಿಂದ ತಂತಿಯ ಬಣ್ಣ ನೋಡಿ ಸಂಪರ್ಕ ಕೊಡುವುದೇ ಇಲ್ಲ ಎಂದು ಇಟ್ಟುಕೊಳ್ಳಿ. ಪ್ರತಿ ಸಲ ಮೀಟರಿನಲ್ಲಿ ಅಳೆಯಿರಿ: ಫೇಸಿನಿಂದ ನ್ಯೂಟ್ರಲಿಗೂ ಫೇಸಿನಿಂದ ಅರ್ತಿಂಗಿಗೂ 230ರ ಸುಮಾರು, ನ್ಯೂಟ್ರಲಿನಿಂದ ಅರ್ತಿಂಗಿಗೆ ಕೆಲವೇ ವೋಲ್ಟ್.

ಇನ್ನೊಂದು, ಅರ್ಜಿ ಹಾಕುವ ಮೊದಲೇ ಕಣ್ಣು ತೋರಿಸಿ. ಮಿಂಟೋ ಕಣ್ಣಿನ ಆಸ್ಪತ್ರೆಯಂಥ ಕಡೆ ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರ ಪರೀಕ್ಷೆ ಮಾಡುತ್ತಾರೆ. ರೈಲ್ವೆಯ ಹಲವು ತಾಂತ್ರಿಕ ಹುದ್ದೆಗಳಿಗೆ ಬಣ್ಣದ ದೃಷ್ಟಿ ಕಡ್ಡಾಯ. ದೊಡ್ಡ ಕಾರ್ಖಾನೆಗಳ ವೈದ್ಯಕೀಯ ತಪಾಸಣೆಯಲ್ಲೂ ಕೇಳಬಹುದು. ಅಂಥ ನೌಕರಿಯನ್ನೇ ನಂಬಿ ಎರಡು ವರ್ಷ ಓದಿ, ಕೊನೆಗೆ ತಪಾಸಣೆಯಲ್ಲಿ ಹಿಂದಿರುಗುವುದು ಆಗಬಾರದು. ಅಂಗಡಿ, ಸರ್ವಿಸ್ ಸೆಂಟರ್, ಸ್ವಂತ ಕೆಲಸಕ್ಕೆ ಇದು ಅಡ್ಡ ಬರುವುದಿಲ್ಲ.

ಮೂರು ದಾರಿ, ಮೂರು ಲೆಕ್ಕ

ಈಗ ಗಂಟೆಗಳ ಲೆಕ್ಕಕ್ಕೆ ಬರೋಣ. ಖಾಸಗಿ ಇನ್‌ಸ್ಟಿಟ್ಯೂಟಿನದು ದಿನಕ್ಕೆ ಎರಡು ಗಂಟೆ, ವಾರಕ್ಕೆ ಆರು ದಿನ, ಹನ್ನೆರಡು ವಾರ ಎಂದರೆ 144 ಗಂಟೆ. 40,000ಕ್ಕೆ ಗಂಟೆಗೆ ಸುಮಾರು 280 ರೂಪಾಯಿ ಬಿತ್ತು. ಅದರಲ್ಲಿ ಪಾಠ ಎಷ್ಟು, ಕೈಕೆಲಸ ಎಷ್ಟು? ಬಿಸಿಗಾಳಿಯಿಂದ ಚಿಪ್ ಬಿಡಿಸುವ ಹಾಟ್ ಏರ್ ಯಂತ್ರ ಆರು ಜನಕ್ಕೆ ಒಂದು ಇದ್ದರೆ ಪೂರ್ತಿ ಸಮಯ ಕೈಕೆಲಸವೇ ಅಂದುಕೊಂಡರೂ ಅದು ನಿಮ್ಮ ಕೈಗೆ ಸಿಗುವುದು 24 ಗಂಟೆ. ಬೇಸಿಕ್ ಗೊತ್ತಿದ್ದವರಿಗೆ, ಮೊಬೈಲ್ ಬೋರ್ಡಿನ ಸೂಕ್ಷ್ಮ ಕೆಲಸ ಮಾತ್ರ ಬೇಕಾದವರಿಗೆ ಇದು ಒಳ್ಳೆಯದಿರಬಹುದು. ಓಮನ ನಿಯಮದಿಂದ ಶುರು ಮಾಡಬೇಕಾದವರನ್ನು ಮೂರು ತಿಂಗಳಲ್ಲಿ ಚಿಪ್ ಲೆವೆಲ್‌ಗೆ ಒಯ್ಯುತ್ತೇವೆ ಎನ್ನುವುದು ನಂಬುವ ಮಾತಲ್ಲ. ಚಿಪ್ ತೆಗೆದು ಕೂರಿಸುವುದು ಕೈಚಳಕ, ವಾರಗಳಲ್ಲಿ ಬರುತ್ತದೆ. ಯಾವ ಚಿಪ್ ತೆಗೆಯಬೇಕು ಎಂದು ತಿಳಿಯುವುದೇ ವಿದ್ಯೆ, ಅದು ಅಷ್ಟು ಬೇಗ ಬರುವುದಿಲ್ಲ.

ಕಮ್ಯುನಿಟಿ ಕಾಲೇಜಿನ ಡಿಪ್ಲೊಮಾ ಯುಜಿಸಿ ಯೋಜನೆಯಡಿ ಇದ್ದರೆ ವರ್ಷಕ್ಕೆ 60 ಕ್ರೆಡಿಟ್. ಅದರಲ್ಲಿ 36 ಕೌಶಲಕ್ಕೆ, 24 ಭಾಷೆ, ಸಂವಹನ, ಕಂಪ್ಯೂಟರ್ ಮುಂತಾದ ಸಾಮಾನ್ಯ ವಿಷಯಗಳಿಗೆ. ಕ್ರೆಡಿಟ್ಟಿಗೆ 15 ಗಂಟೆ ಹಿಡಿದರೆ ಕೌಶಲದ ಪಾಲು 540 ಗಂಟೆ, ಅದರೊಳಗೇ ತರಗತಿಯ ಪಾಠವೂ ಸೇರಿದೆ. ತರಗತಿಯ ಹೊತ್ತು ನಿಮ್ಮ ಪಾಳಿಗೆ ಹೊಂದುತ್ತದೆಯೇ, ಪಿಯುಸಿ ಮುಗಿಸದವರನ್ನೂ ಸೇರಿಸಿಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ. ಎರಡು ಕೊರತೆ ಇವೆ. ಒಂದು, ಐಟಿಐ ಎಂದೇ ಕೇಳುವ ಹುದ್ದೆಗಳಿಗೆ ಈ ಡಿಪ್ಲೊಮಾ ನಡೆಯುವುದಿಲ್ಲ. ಹೆಸರು ಡಿಪ್ಲೊಮಾ ಎಂದಿದ್ದರೂ ಇದು ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾಕ್ಕೆ ಸಮವೂ ಅಲ್ಲ. ಎರಡು, ಕಾಲೇಜಿನಿಂದ ಕಾಲೇಜಿಗೆ ಲ್ಯಾಬಿನ ಗುಣಮಟ್ಟ ತೀರಾ ಬೇರೆ. ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾಲಯವೋ, ಕಾಲೇಜೋ, ಬೇರೆ ಸಂಸ್ಥೆಯೋ ಎಂದು ಬರಹದಲ್ಲಿ ಕೇಳಿ ಪಡೆಯಿರಿ.

ಐಟಿಐಯ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ವೃತ್ತಿ ಎರಡು ವರ್ಷದ್ದು. ವಿಜ್ಞಾನ, ಗಣಿತ ಇದ್ದ ಎಸ್ಸೆಸ್ಸೆಲ್ಸಿ ಸಾಕು. ಪಠ್ಯಕ್ರಮದಲ್ಲಿ ವರ್ಷಕ್ಕೆ 840 ಗಂಟೆ ಪ್ರಾಯೋಗಿಕ, ಎರಡು ವರ್ಷಕ್ಕೆ 1,680. ಮೇಲಿನ ಎರಡಕ್ಕೂ ಇದಕ್ಕೂ ಇರುವ ಅಂತರ ನೋಡಿ. ಮುಗಿಸಿದರೆ ರಾಷ್ಟ್ರಮಟ್ಟದ ಪ್ರಮಾಣಪತ್ರ, 1961ರ ಅಪ್ರೆಂಟಿಸ್ ಕಾಯಿದೆಯಡಿ ಸ್ಟೈಪೆಂಡಿನ ತರಬೇತಿ. ಬೆಂಗಳೂರಿನಲ್ಲಿ ಬಿಇಎಲ್, ಎಚ್‌ಎಎಲ್‌ನಂಥ ಕಡೆ ಐಟಿಐ ಅಪ್ರೆಂಟಿಸರನ್ನು ತೆಗೆದುಕೊಳ್ಳುತ್ತಾರೆ, ಆದರೆ ವಯಸ್ಸಿನ ಮಿತಿ ಏನಿದೆ ಎಂದು ಅವರವರ ಪ್ರಕಟಣೆಯಲ್ಲಿ ನೋಡಬೇಕು. ಮುಂದೆ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಸೇರುವ ದಾರಿಯೂ ಇದೆ. ತೊಡಕು ಒಂದೇ. ಇದು ಪೂರ್ಣ ದಿನದ ಓದು, ಶೇ 80 ಹಾಜರಾತಿ ಬೇಕು. ರಾತ್ರಿ ಪಾಳಿ ಮಾಡಿ ಬೆಳಗ್ಗೆ ಬೆಂಚಿಗೆ ಬಂದು 350 ಡಿಗ್ರಿಯ ಐರನ್ನೂ 230 ವೋಲ್ಟೂ ಹಿಡಿಯುವುದು ಅಪಾಯ. ನಿದ್ದೆಗೆಟ್ಟ ಕೈ ತಪ್ಪು ಮಾಡುತ್ತದೆ. ಎರಡು ವರ್ಷ ಮನೆಯವರು ನಿಮ್ಮನ್ನು ನೋಡಿಕೊಳ್ಳುವಂತಿದ್ದರೆ, ಅಥವಾ ಸಂಜೆಯ ಅರೆಕಾಲಿಕ ಕೆಲಸ ಸಿಕ್ಕರೆ, ಭಾವನವರ ಮಾತೇ ಸರಿ.

ಈ ಕೆಲಸ ನನಗೆ ಒಗ್ಗುತ್ತದೆಯೇ ಎಂದು ಕಡಿಮೆ ಖರ್ಚಿನಲ್ಲಿ ನೋಡುವ ದಾರಿಯೂ ಇದೆ. ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿರುವ, ಸ್ವಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯಂಥ ಕಡೆ ಊಟ-ವಸತಿ ಸಹಿತ ಉಚಿತವಾಗಿ ಅಲ್ಪಾವಧಿ ತರಬೇತಿಗಳು ನಡೆಯುತ್ತವೆ. ಮೊಬೈಲ್ ಅಥವಾ ವಿದ್ಯುತ್ ಉಪಕರಣ ರಿಪೇರಿಯ ತಂಡ ಯಾವಾಗ, ನೀವು ಅರ್ಹರೇ ಎಂದು ವಿಚಾರಿಸಿ.

ಲ್ಯಾಬ್ ನೋಡದೆ ಫೀಸ್ ಕಟ್ಟಬೇಡಿ

ಪ್ರಾಸ್ಪೆಕ್ಟಸ್ ಬದಿಗಿಟ್ಟು, ಪ್ರಾಯೋಗಿಕ ತರಗತಿ ನಡೆಯುವ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತು ನೋಡಿ. ಮೊದಲು ಸೋಲ್ಡರಿಂಗ್ ಐರನ್ನಿನ ತುದಿ. ಅದು ಬೆಳ್ಳಿಯಂತೆ ಹೊಳೆಯುತ್ತಿದ್ದರೆ, ಪ್ರತಿ ಸಲ ಒರೆಸಿ ಸೀಸ ಹಚ್ಚಿಡುವುದನ್ನು ಕಲಿಸಿದ್ದಾರೆ. ಕರ್ರಗೆ ಗುಳಿ ಬಿದ್ದಿದ್ದರೆ ಅಲ್ಲಿ ಯಾರೂ ಕೈ ಹಿಡಿದು ತಿದ್ದುತ್ತಿಲ್ಲ. ಬೆಂಚಿಗೆ ಎಷ್ಟು ಜನ? ಇಬ್ಬರಿದ್ದರೆ ಚೆನ್ನ, ನಾಲ್ಕು ಜನ ಇದ್ದರೆ ಇಬ್ಬರು ನೋಡುಗರೇ. ಸೀರೀಸ್ ಬಲ್ಬಿನ ಬೋರ್ಡ್ ಎಲ್ಲಿದೆ ಎಂದು ಕೇಳಿ. ಬೋರ್ಡನ್ನು ಲೈನಿನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇದೆಯೇ ಕೇಳಿ, ಅದಿಲ್ಲದೆ ಪವರ್ ಸಪ್ಲೈಯ ಬಿಸಿ ಬದಿಗೆ (ಲೈನಿಗೆ ನೇರ ಸೇರಿದ ಬದಿಗೆ) ಆಸಿಲೋಸ್ಕೋಪಿನ, ಅಂದರೆ ವೋಲ್ಟೇಜಿನ ಅಲೆ ತೋರಿಸುವ ಉಪಕರಣದ, ಗ್ರೌಂಡ್ ಕ್ಲಿಪ್ ಹಾಕಿದರೆ ದೊಡ್ಡ ಸ್ಫೋಟವೇ ಆಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಬಳಸುವಾಗ ಗೋಡೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ನಿಮ್ಮನ್ನು ಕಾಯುವುದಿಲ್ಲ ಎಂದು ಶಿಕ್ಷಕರು ತಾವಾಗಿ ಹೇಳಿದರೆ ಅವರಿಗೆ ಕೆಲಸ ಗೊತ್ತು ಎಂದು ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯ, ಕೆಟ್ಟ ಬೋರ್ಡುಗಳ ರಾಶಿ ಕಾಣಬೇಕು. ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಕೆ ತೆಗೆಯದ ತರಬೇತಿ ಕಿಟ್‌ಗಳು ಮಾತ್ರ ಸಾಲಾಗಿದ್ದರೆ ಅಲ್ಲಿ ಸರ್ಕೀಟ್ ಕಲಿಸುತ್ತಾರೆ, ರಿಪೇರಿ ಕಲಿಸುವುದಿಲ್ಲ. ಹಿಂದಿನ ವರ್ಷದವರ ಜಾಬ್ ರೆಕಾರ್ಡ್ ತೋರಿಸಿ ಎಂದು ಕೇಳಿ. 'ದೋಷ ಸರಿಪಡಿಸಲಾಯಿತು' ಎಂದಷ್ಟೇ ಬರೆದಿದೆಯೋ, 'ಕೆಪಾಸಿಟರ್ ಮೇಲೆ 318 ವೋಲ್ಟ್ ಇದೆ, ಐಸಿಯ ಸಪ್ಲೈ ಪಿನ್ನಿನಲ್ಲಿ 7ರಿಂದ 11ರ ನಡುವೆ ಏರಿಳಿಯುತ್ತಿದೆ, ಸ್ಟಾರ್ಟ್ ಆಗುತ್ತಿಲ್ಲ' ಎಂಬಂತೆ ಅಳತೆ ಬರೆದಿದೆಯೋ ನೋಡಿ. ಎರಡನೇ ಥರ ಬರೆಸುವ ಕಡೆ ಸೇರಿ.

ಮನೆಯಲ್ಲಿ ಮಾಡಬಹುದಾದದ್ದು

ಯಾವ ಕೋರ್ಸಿಗೆ ಸೇರಿದರೂ ಮನೆಯ ಅಭ್ಯಾಸ ಬೇಕು. ಸಾಮಾನು ಕೊಳ್ಳಲು ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್‌ಪಿ ರಸ್ತೆಯಲ್ಲಿ ಒಂದು ಬೆಳಗ್ಗೆ ಸಾಕು. ಡಯೋಡ್ ಪರೀಕ್ಷೆ ಇರುವ, 600 ವೋಲ್ಟ್ ಕ್ಯಾಟ್-3 ಎಂದು (ಇದು ಸುರಕ್ಷತೆಯ ದರ್ಜೆ) ಮುದ್ರಿಸಿರುವ ಮಲ್ಟಿಮೀಟರ್ ತೆಗೆದುಕೊಳ್ಳಿ, ದುಡ್ಡು ಉಳಿಸಬಾರದ ವಸ್ತು ಇದೊಂದೇ. ಐರನ್ 25 ವ್ಯಾಟಿನದು ಮೊದಲಿಗೆ ಸಾಕು, ಆಮೇಲೆ ಶಾಖ ಹೊಂದಿಸಬಲ್ಲದ್ದು. 60/40 ಬೆಸುಗೆ ಸೀಸ (60 ಪಾಲು ತವರ, 40 ಪಾಲು ಸೀಸ) 0.8 ಮಿಲಿಮೀಟರಿನದು, ಬೆಸುಗೆ ಹೀರುವ ತಾಮ್ರದ ಬತ್ತಿ, ರೋಸಿನ್ ಫ್ಲಕ್ಸ್, ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್. ಗುಜರಿಯಿಂದ ಕೆಟ್ಟ ಬೋರ್ಡ್ ನಾಲ್ಕೈದು. ಕರೆಂಟ್ ಕೊಡದೆ, ಬರೀ ಬಿಡಿಭಾಗ ಬಿಚ್ಚುವುದು, ಅಳೆಯುವುದು, ಮತ್ತೆ ಕೂರಿಸುವುದು. ಇನ್ನೂರು ಬೆಸುಗೆ ಮುಗಿಯುವ ಹೊತ್ತಿಗೆ ಕೈ ತಾನೇ ಹೇಳುತ್ತದೆ. ಸರಿಯಾದ ಬೆಸುಗೆ ಕಾಲಿನ ಸುತ್ತ ಗುಡ್ಡದ ಇಳಿಜಾರಿನಂತೆ ಒಳಬಾಗಿ ಹೊಳೆಯುತ್ತದೆ, ತಪ್ಪಾದದ್ದು ಮಣಿಯಂತೆ ಉಂಡೆಯಾಗಿ ಕೂತಿರುತ್ತದೆ. ಕಂಪನಿಯ ಬೋರ್ಡುಗಳಲ್ಲಿ ಸೀಸರಹಿತ ಬೆಸುಗೆ ಇರುತ್ತದೆ, ಅದು ಕರಗಲು 217 ಡಿಗ್ರಿಗೂ ಮೇಲೆ ಬೇಕು, ನಿಮ್ಮ 60/40ಕ್ಕೆ 183ರಿಂದ 190 ಸಾಕು. ಹಾಗಾಗಿ ಹಠ ಹಿಡಿದ ಕಾಲಿಗೆ ಸ್ವಲ್ಪ ನಿಮ್ಮ ಸೀಸ ಸೇರಿಸಿ ಬೆರೆಸಿದರೆ ಸುಲಭವಾಗಿ ಬರುತ್ತದೆ. ಜೋರಾಗಿ ಎಳೆದರೆ ಟ್ರ್ಯಾಕ್ ಎದ್ದುಬರುತ್ತದೆ.

ಬೆಸುಗೆಯ ಹೊಗೆಯಲ್ಲಿ ಸೀಸವಿದೆ ಎಂಬ ಭಯ ಸುತ್ತಮುತ್ತ ಇದೆ. ಐರನ್ನಿನ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ. ಹೊಗೆ ಫ್ಲಕ್ಸಿನದು, ಅದು ಶ್ವಾಸಕ್ಕೆ ಕೆಟ್ಟದ್ದು, ಕಿಟಕಿ ಬಳಿ ಕೂತು ಸಣ್ಣ ಫ್ಯಾನ್ ಇಟ್ಟುಕೊಳ್ಳಿ. ಸೀಸ ಒಳಹೋಗುವುದು ಬೆರಳಿನಿಂದ ಬಾಯಿಗೆ. ಊಟಕ್ಕೆ, ಬೀಡಿ-ಸಿಗರೇಟಿಗೆ ಮುಂಚೆ ಸೋಪಿನಲ್ಲಿ ಕೈ ತೊಳೆಯಿರಿ, ಮನೆಯಲ್ಲಿ ಮಗು ಇದ್ದರೆ ಆ ಮೇಜನ್ನು ಬೇರೆಯೇ ಇಡಿ.

ನಿಮ್ಮ ಸ್ಥಿತಿಯಲ್ಲಿ ಮಾಡಬಹುದಾದ ಕ್ರಮ ಹೀಗೆ. ಈ ವಾರ ಕಣ್ಣಿನ ಪರೀಕ್ಷೆ. ಮುಂದಿನ ಎರಡು ವಾರದಲ್ಲಿ ಕಮ್ಯುನಿಟಿ ಕಾಲೇಜಿನ ಲ್ಯಾಬ್ ಮತ್ತು ಒಂದು ಸರ್ಕಾರಿ ಐಟಿಐ, ಎರಡನ್ನೂ ನೋಡಿ ಬನ್ನಿ. ಕೆಲಸ ಬಿಡಲು ಆಗುವುದಿಲ್ಲ ಎಂದಾದರೆ, ಲ್ಯಾಬ್ ಮೇಲಿನ ಪರೀಕ್ಷೆಯಲ್ಲಿ ಪಾಸಾದರೆ, ಕಾಲೇಜಿಗೇ ಸೇರಿ, ಪಾಳಿಯನ್ನು ಹಗಲಿಗೋ ಸಂಜೆಗೋ ಬದಲಿಸಿಕೊಳ್ಳಲು ಯತ್ನಿಸಿ. 40,000 ಕೈಯಲ್ಲೇ ಇರಲಿ. ಒಂದು ವರ್ಷದ ನಂತರ ಮೊಬೈಲ್ ಕಡೆ ಮನಸ್ಸಿದ್ದರೆ ಆಗ ಆ ಮೂರು ತಿಂಗಳ ಕೋರ್ಸು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಟಿವಿಗೆ ಸದ್ಯ ಮೂರನೇ ಫ್ಯೂಸ್ ಬೇಡ. ವ್ಯಾರಿಸ್ಟರ್, ಬ್ರಿಡ್ಜಿನ ನಾಲ್ಕು ಡಯೋಡ್, ಮಾಸ್‌ಫೆಟ್, ಸೋರ್ಸಿನ ರೆಸಿಸ್ಟರ್, ಈ ನಾಲ್ಕರ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಲ್ಯಾಬ್ ನೋಡಲು ಹೋದಾಗ ಅಲ್ಲಿನ ಶಿಕ್ಷಕರ ಮುಂದಿಡಿ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ನಿಮ್ಮನ್ನೇ ತಿರುಗಿ ಪ್ರಶ್ನೆ ಕೇಳುತ್ತಾರೋ ಇಲ್ಲವೋ, ಅದನ್ನೂ ಗಮನಿಸಿ.